ದುಡಿಯುವ ತಾಯಿಗೆ ಸಂಬಳ ಸಹಿತ ವಿಶ್ರಾಂತಿ

ಚೊಚ್ಚಲ ಹೆರಿಗೆ ತವರುಮನೆಯಲ್ಲಿ ಆಗಬೇಕೆಂಬುದು ಕನ್ನಡ ನಾಡಿನ ಬಹುತೇಕ ಮನೆತನಗಳಲ್ಲಿ ನಡೆದುಬಂದ ಪದ್ಧತಿ. ಸೀಮಂತ ಮುಗಿಸಿಕೊಂಡು ತವರಿಗೆ ಹೋದ ಮಗಳು, ಕೂಸು ಮೂರು ತಿಂಗಳಿನದೋ ಐದು ತಿಂಗಳಿನದೋ ಆದ ಮೇಲೆಯೇ ತೊಟ್ಟಿಲಿನೊಡನೆ ಗಂಡನ ಮನೆಗೆ ಹಿಂದಿರುಗುತ್ತಿದ್ದಳು. ಅಷ್ಟು ಕಾಲ ಬಾಣಂತಿಯ ಕೋಣೆಗೆ ಮನೆಯ ಬೇರಾವ ಕೆಲಸವೂ ಪ್ರವೇಶಿಸುತ್ತಿರಲಿಲ್ಲ. ಮೈಗೆ ಎಣ್ಣೆ, ಹಂಡೆಯ ತುಂಬ ಬಿಸಿನೀರು, ಮೆಣಸಿನ ಸಾರು, ಉತ್ತರ ಕರ್ನಾಟಕದ ಕಡೆಗೆ ಅಂಟಿನ ಉಂಡೆ, ಇವೆಲ್ಲ ವೇಳೆಗೆ ಸರಿಯಾಗಿ ಒದಗುತ್ತಿದ್ದವು. ಈ ಉಪಚಾರದಲ್ಲಿ ಎಲ್ಲವೂ ಹಿತಕರವಾಗಿತ್ತೆಂದು ಹೇಳಲಾಗದು. ಬಾಣಂತಿಗೆ ನೀರು ಕಡಿಮೆ ಕೊಡಬೇಕೆಂಬ ಹಟ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ, ಸೊಪ್ಪು ತರಕಾರಿಗಳ ನಿಷೇಧ, ಇವುಗಳನ್ನು ವೈದ್ಯರು ಒಪ್ಪುವುದಿಲ್ಲ. ಆದರೆ ಈ ಆಚಾರಗಳ ನಡುವೆ ಅಡಗಿದ್ದ ತಿರುಳು ಒಂದೇ: ಹೆತ್ತವಳಿಗೆ ವಿಶ್ರಾಂತಿ ಬೇಕು, ಆ ವಿಶ್ರಾಂತಿಯ ಹೊಣೆಯನ್ನು ಬೇರೆಯವರು ಹೊರಬೇಕು.

ಹೊಟ್ಟೆಪಾಡಿಗಾಗಿ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳಿಗೆ ಬಂದು ನೆಲೆಸಿದ ಕುಟುಂಬಗಳಲ್ಲಿ ಈ ಏರ್ಪಾಡು ಸಡಿಲವಾಗಿದೆ. ಗಂಡಹೆಂಡಿರಿಬ್ಬರೂ ದುಡಿದರೆ ಮಾತ್ರ ಬಾಡಿಗೆ ತೆತ್ತು ಬದುಕು ಸಾಗುವ ಊರುಗಳಿವು. ತವರಿನಲ್ಲಿ ತಾಯಿ ಇದ್ದರೂ ಆಕೆಗೆ ವಯಸ್ಸಾಗಿರುತ್ತದೆ, ಅಥವಾ ಆಕೆಯೇ ಇನ್ನಾರದೋ ಆರೈಕೆಯಲ್ಲಿ ಕಟ್ಟುಬಿದ್ದಿರುತ್ತಾಳೆ. ಒಂದೆರಡು ತಿಂಗಳ ಮಟ್ಟಿಗೆ ಅವಳನ್ನು ಇಲ್ಲಿಗೆ ಕರೆಸಿಕೊಂಡರೂ, ಎರಡು ಕೋಣೆಗಳ ಮನೆಯಲ್ಲಿ ಅವಳು ಮಗುವನ್ನು ಎತ್ತಿಕೊಳ್ಳಬಲ್ಲಳೇ ಹೊರತು ಮಗಳ ಕಚೇರಿಯ ಕೆಲಸವನ್ನು ಮಾಡಲಾರಳು. ಹಿಂದೆ ತವರು ಕೊಡುತ್ತಿದ್ದ ವಿಶ್ರಾಂತಿಯನ್ನು ಇಂದು ಉದ್ಯೋಗದಾತರಿಂದ ಪಡೆಯಬೇಕಾಗಿದೆ. ಅದು ಕಾಯಿದೆಯ ಮೂಲಕ ಪಡೆಯತಕ್ಕ ಹಕ್ಕೇ ಹೊರತು ಮೇಲಧಿಕಾರಿಯ ದಾಕ್ಷಿಣ್ಯದಿಂದ ದೊರೆಯುವ ಉಪಕಾರವಲ್ಲವೆಂಬುದು ವಿದ್ಯಾವಂತ ಮಹಿಳೆಯರಲ್ಲಿಯೂ ಅನೇಕರಿಗೆ ಸ್ಪಷ್ಟವಾಗಿ ತಿಳಿದಿರುವುದಿಲ್ಲ.

ದೇಹ ಕೇಳುವ ಕಾಲ

ಮೊದಲು ದೇಹಧರ್ಮವನ್ನು ನೋಡುವುದು ಸೂಕ್ತ. ಹೆರಿಗೆಯಾದ ಕೂಡಲೇ ಗರ್ಭಕೋಶದ ತೂಕ ಸುಮಾರು ಒಂದು ಕಿಲೋಗ್ರಾಮಿನಷ್ಟಿರುತ್ತದೆ. ಒಂದು ವಾರದಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. ಆರು ವಾರಗಳ ಕೊನೆಗೆ ನೂರು ಗ್ರಾಮಿಗಿಂತಲೂ ಕಡಿಮೆಯಾಗಿ ತನ್ನ ಸಹಜ ಗಾತ್ರಕ್ಕೆ ಹತ್ತಿರವಾಗುತ್ತದೆ. ಮಾಸು ಅಂಟಿಕೊಂಡಿದ್ದ ಜಾಗವೆಂದರೆ ಒಳಗಿನ ಒಂದು ಅಗಲವಾದ ಗಾಯವೇ ಸರಿ. ಅದು ಪೂರ್ಣವಾಗಿ ಮಾಯುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಕಾಲ ಬೇಕು. ಹೆರಿಗೆಯ ನಂತರದ ಸ್ರಾವವು ನಾಲ್ಕರಿಂದ ಆರು ವಾರಗಳವರೆಗೆ ಇರಬಹುದು. ಶಸ್ತ್ರಚಿಕಿತ್ಸೆಯ ಹೆರಿಗೆಯಾಗಿದ್ದರೆ ಹೊಟ್ಟೆಯ ಪದರಗಳ ಗಾಯವೂ ಇದಕ್ಕೆ ಸೇರುತ್ತದೆ. ಹೊರಗಿನ ಹೊಲಿಗೆ ಒಣಗಿದೊಡನೆ ಒಳಗಿನದೂ ಒಣಗಿತೆಂದು ಭಾವಿಸುವುದು ತಪ್ಪು. ಹೆರಿಗೆಯ ನಂತರದ ಆರು ವಾರಗಳಲ್ಲಿ ಸ್ತ್ರೀಯನ್ನು ಕೆಲಸಕ್ಕೆ ಹಚ್ಚಲೇಕೂಡದೆಂದು ಕಾಯಿದೆ ನಿಷೇಧಿಸಿರುವುದಕ್ಕೂ ಈ ಆರು ವಾರಗಳ ಲೆಕ್ಕಕ್ಕೂ ಇರುವ ಹೊಂದಿಕೆ ಗಮನಾರ್ಹವಾದುದು. ಆಕೆ ತಾನಾಗಿ ಬರುವೆನೆಂದರೂ ಆ ಅವಧಿಯಲ್ಲಿ ಕೆಲಸ ಕೊಡುವಂತಿಲ್ಲ.

ಭಾರತೀಯ ಸ್ತ್ರೀಯರ ವಿಷಯದಲ್ಲಿ ರಕ್ತಹೀನತೆಯನ್ನು ವಿಶೇಷವಾಗಿ ಎಣಿಸಬೇಕು. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಶೇಕಡ 57 ಮಂದಿ ರಕ್ತಹೀನರು. ಗರ್ಭಿಣಿಯರಲ್ಲಿ ಈ ಪ್ರಮಾಣ ಅರ್ಧಕ್ಕಿಂತ ಹೆಚ್ಚು. ಹೆರಿಗೆಯಲ್ಲಿ ನಷ್ಟವಾಗುವ ರಕ್ತವನ್ನು ಇಂಥ ದೇಹವು ಬೇಗನೆ ತುಂಬಿಕೊಳ್ಳಲಾರದು. ಲೋಕಲ್ ರೈಲಿನ ಬಾಗಿಲಲ್ಲಿ ಒಂದೂವರೆ ಗಂಟೆ ನಿಂತು ಹೋಗಿಬರುವ ತಾಯಿಗೆ ತಲೆಸುತ್ತು, ಎದೆಬಡಿತ, ಹಾಲು ಕಡಿಮೆಯಾದಂತೆ ತೋರುವುದು ಇವೆಲ್ಲ ಕಾಣಿಸಿಕೊಂಡರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಕೂಸಿಗೆ ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಸಾಕು, ಅದೇ ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹನ್ನೆರಡು ವಾರಗಳಿಗೇ ಕೆಲಸಕ್ಕೆ ಹಿಂದಿರುಗುವ ತಾಯಿ ಈ ಸಲಹೆಯನ್ನು ಪಾಲಿಸುವುದು ಎಷ್ಟು ಕಷ್ಟವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನಸ್ಸಿನ ಕ್ಲೇಶವೂ ಉಂಟು. ಹೆರಿಗೆಯಾದ ಕೆಲವು ದಿನಗಳಲ್ಲಿ ಅಳು ಬರುವುದು ಸಾಮಾನ್ಯ. ಅದು ಎರಡು ವಾರ ಮೀರಿ ನಿದ್ರೆ, ಹಸಿವು, ಮಗುವಿನ ಮೇಲಿನ ಆಸ್ಥೆಗಳನ್ನು ಕೆಡಿಸುತ್ತಿದ್ದರೆ ಅದನ್ನು 'ಬಾಣಂತಿಯ ಚಂಚಲತೆ' ಎಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸತಕ್ಕದ್ದು.

ಗಿರಣಿಯಿಂದ ಬಂದ ಹಕ್ಕು

ಈ ಹಕ್ಕು ದೊರೆತ ಕಥೆಯಲ್ಲಿ ಮುಂಬಯಿಗೆ ದೊಡ್ಡ ಪಾತ್ರವಿದೆ. ಕಳೆದ ಶತಮಾನದ ಆರಂಭದಲ್ಲಿ ಆ ನಗರದ ಹತ್ತಿ ಗಿರಣಿಗಳಲ್ಲಿ ಸಾವಿರಾರು ಹೆಂಗಸರು ನೂಲು ಸುತ್ತುವ ಕೆಲಸ ಮಾಡುತ್ತಿದ್ದರು. ಹೆರಿಗೆಯ ಮುಂಚಿನ ದಿನದವರೆಗೂ ದುಡಿದು, ಕೂಲಿ ತಪ್ಪೀತೆಂಬ ಭಯದಿಂದ ಆದಷ್ಟು ಬೇಗನೆ ಹಿಂದಿರುಗುವುದು ಅವರಿಗೆ ಅನಿವಾರ್ಯವಾಗಿತ್ತು. ಮನೆಯಲ್ಲಿ ಬಿಟ್ಟುಹೋದ ಕೂಸು ಅಳದೆ ಮಲಗಿರಲೆಂದು ಅಫೀಮಿನ ಗುಳಿಗೆ ಕೊಡುತ್ತಿದ್ದ ರೂಢಿಯನ್ನು, 1920ರ ದಶಕದ ಆರಂಭದಲ್ಲಿ ಮುಂಬಯಿ ಸರ್ಕಾರ ನೇಮಿಸಿದ್ದ ವೈದ್ಯೆಯೊಬ್ಬರು ತಮ್ಮ ವರದಿಯಲ್ಲಿ ದಾಖಲೆ ಮಾಡಿದ್ದಾರೆ. ಆ ತಾಯಂದಿರು ನಿರ್ದಯರಾಗಿದ್ದರೆಂದು ಯಾರೂ ಹೇಳಲಾರರು. ಸಂಬಳವಿಲ್ಲದ ವಿಶ್ರಾಂತಿ ಬಡವಳಿಗೆ ಉಪವಾಸವೇ ಆಗಿತ್ತು.

1919ರಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ಪ್ರಥಮ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ಹೆರಿಗೆಗೆ ಮುನ್ನ ಆರು ವಾರ, ನಂತರ ಆರು ವಾರ ಎಂಬ ಅಳತೆಯನ್ನು ಗೊತ್ತುಮಾಡಿತು. ಭಾರತದ ಕಾರ್ಮಿಕರ ಪರವಾಗಿ ಆ ಸಮ್ಮೇಳನಕ್ಕೆ ಹೋಗಿದ್ದ ಎನ್. ಎಂ. ಜೋಶಿಯವರು 1924ರಲ್ಲಿ ಕೇಂದ್ರ ಶಾಸನಸಭೆಯ ಮುಂದೆ ಹೆರಿಗೆ ಭತ್ಯದ ಮಸೂದೆಯನ್ನಿಟ್ಟರು, ಅದು ತಿರಸ್ಕೃತವಾಯಿತು. ಮತ್ತೆ ಪ್ರಯತ್ನ ನಡೆದದ್ದು ಮುಂಬಯಿ ಪ್ರಾಂತ್ಯದಲ್ಲಿ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಅಂದು ಆ ಪ್ರಾಂತ್ಯಕ್ಕೇ ಸೇರಿದ್ದವೆಂಬುದನ್ನು ಇಲ್ಲಿ ನೆನೆಯಬಹುದು. 1928ರ ಜುಲೈಯಲ್ಲಿ ಅಲ್ಲಿಯ ಶಾಸನ ಪರಿಷತ್ತಿನಲ್ಲಿ ಮಸೂದೆಯ ಪರವಾಗಿ ಮಾತನಾಡಿದವರಲ್ಲಿ ಡಾ. ಬಿ. ಆರ್. ಅಂಬೇಡ್ಕರರೂ ಒಬ್ಬರು. ತಾಯಿಗೆ ಹೆರಿಗೆಯ ಹಿಂದುಮುಂದಿನ ಕಾಲದಲ್ಲಿ ವಿಶ್ರಾಂತಿ ದೊರೆಯುವುದು ಇಡೀ ರಾಷ್ಟ್ರದ ಹಿತವಾದುದರಿಂದ ಅದರ ವೆಚ್ಚದ ಬಹುಭಾಗ ಸರ್ಕಾರದ ಮೇಲೆಯೇ ಬೀಳಬೇಕೆಂದು ಅವರು ಒಪ್ಪಿದರು. ಆದರೆ ಹೆಂಗಸರನ್ನು ನೇಮಿಸಿಕೊಂಡು ಲಾಭ ಪಡೆಯುವ ಮಾಲೀಕನು ತನ್ನ ಪಾಲನ್ನು ಕೊಡದೆ ಜಾರಿಕೊಳ್ಳುವಂತಿಲ್ಲವೆಂದೂ ವಾದಿಸಿದರು. 1929ರಲ್ಲಿ ಮುಂಬಯಿ ಹೆರಿಗೆ ಭತ್ಯ ಕಾಯಿದೆ ಬಂದಿತು. ಭತ್ಯದ ದರ ದಿನಕ್ಕೆ ಎಂಟಾಣೆ. ಇಡೀ ದೇಶಕ್ಕೆ ಅನ್ವಯಿಸುವ ಹೆರಿಗೆ ಸೌಲಭ್ಯ ಕಾಯಿದೆ 1961ರಲ್ಲಿ ಬಂದಾಗ ಹಳೆಯ ವಾಷಿಂಗ್ಟನ್ ಅಳತೆಯಾದ ಹನ್ನೆರಡು ವಾರಗಳೇ ನಿಂತವು.

ಈ ಹನ್ನೆರಡು ವಾರಗಳನ್ನೂ ಎಣಿಸುವುದರಲ್ಲಿ ಜಿಪುಣತನ ತೋರಿದವರಿದ್ದರು. ಕೊಯಮತ್ತೂರು ಕಡೆಯ ತೋಟವೊಂದರಲ್ಲಿ ಕೂಲಿ ಹೆಂಗಸೊಬ್ಬಳಿಗೆ ಭಾನುವಾರಗಳನ್ನು ಕಳೆದು 72 ದಿನಗಳ ಹಣವನ್ನು ಮಾತ್ರ ಕೊಡಲಾಯಿತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ವಾರವೆಂದರೆ ಏಳು ದಿನ, ಆದುದರಿಂದ ಹನ್ನೆರಡು ವಾರಗಳ ಭತ್ಯವೆಂದರೆ 84 ದಿನಗಳದ್ದು ಎಂದು 1977ರಲ್ಲಿ ತೀರ್ಪಾಯಿತು. ಕೂಸಿಗೆ ಭಾನುವಾರ ಹಸಿವಾಗುವುದಿಲ್ಲವೆಂದು ತೋಟದವರು ತಿಳಿದಿದ್ದರೋ ಏನೋ.

ಈಗಿನ ವ್ಯವಸ್ಥೆ

2017ರ ಏಪ್ರಿಲ್ ಒಂದರಿಂದ ಹನ್ನೆರಡು ವಾರಗಳು ಇಪ್ಪತ್ತಾರಾದವು. 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ, 2020 ಎಂಬ ಹೊಸ ಶಾಸನವು ಜಾರಿಗೆ ಬಂದು 1961ರ ಕಾಯಿದೆಯ ಸ್ಥಾನವನ್ನು ಪಡೆಯಿತು. ಹೆಸರು ಬದಲಾದರೂ ಹಳೆಯ ಹಕ್ಕುಗಳು ಮುಖ್ಯವಾಗಿ ಹಾಗೆಯೇ ಅದರ ಆರನೆಯ ಅಧ್ಯಾಯದಲ್ಲಿ ಸೇರಿವೆ. ಹಳೆಯ ಕಾಯಿದೆ ರದ್ದಾಯಿತೆಂಬ ಮಾತನ್ನು ಕೇಳಿ ರಜೆಯೇ ರದ್ದಾಯಿತೆಂದು ಯಾರೂ ಅಂಜಬೇಕಾಗಿಲ್ಲ.

ಕಾರ್ಖಾನೆ, ಗಣಿ, ತೋಟಗಳಲ್ಲಿಯೂ, ಹತ್ತು ಮತ್ತು ಹೆಚ್ಚು ಜನ ಕೆಲಸ ಮಾಡುವ ಅಂಗಡಿ, ಕಚೇರಿಗಳಲ್ಲಿಯೂ ದುಡಿಯುವ ಸ್ತ್ರೀಯರಿಗೆ ಇದು ಅನ್ವಯಿಸುತ್ತದೆ. ಮೊದಲ ಎರಡು ಮಕ್ಕಳವರೆಗೆ 26 ವಾರ. ಅದರಲ್ಲಿ ಎಂಟು ವಾರಗಳಿಗಿಂತ ಹೆಚ್ಚನ್ನು ಹೆರಿಗೆಯ ಮುಂಚೆ ಬಳಸುವಂತಿಲ್ಲ. ಈಗಾಗಲೇ ಇಬ್ಬರು ಮಕ್ಕಳಿದ್ದವರಿಗೆ 12 ವಾರ, ಅದರಲ್ಲಿ ಮುಂಚೆ ಆರು. ಅರ್ಹತೆಯ ನಿಯಮ ಇಷ್ಟೇ: ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. 1988ರ ತಿದ್ದುಪಡಿಗಿಂತ ಮೊದಲು ಇದು 160 ದಿನಗಳಾಗಿತ್ತು. ಒಂದು ವರ್ಷ ಸೇವೆ ಪೂರೈಸಬೇಕು, ನೌಕರಿ ಖಾಯಂ ಆಗಬೇಕು ಎಂದು ಕಚೇರಿಗಳಲ್ಲಿ ಹೇಳುವ ಮಾತಿಗೆ ಶಾಸನದ ಆಧಾರವಿಲ್ಲ. ದಿಲ್ಲಿಯ ನಗರಪಾಲಿಕೆಯಲ್ಲಿ ದಿನಗೂಲಿಯ ಮೇಲಿದ್ದ ಹೆಂಗಸರಿಗೂ ಈ ಸೌಲಭ್ಯ ಸಲ್ಲತಕ್ಕದ್ದೆಂದು ಸುಪ್ರೀಂ ಕೋರ್ಟು 2000ದ ಮಾರ್ಚ್ 8ರಂದು ತೀರ್ಪಿತ್ತಿದೆ.

ಒಂದು ಉದಾಹರಣೆಯಿಂದ ಲೆಕ್ಕ ಸ್ಪಷ್ಟವಾಗುವುದು. ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದ ತರುಣಿಯೊಬ್ಬಳು ಜನವರಿಯಲ್ಲಿ ಒಂದು ಕಚೇರಿಯನ್ನು ಸೇರಿದಳೆಂದಿಟ್ಟುಕೊಳ್ಳೋಣ. ವೈದ್ಯರು ಹೆರಿಗೆಗೆ ಆಗಸ್ಟ್ 20ರ ದಿನವನ್ನು ಸೂಚಿಸಿದ್ದಾರೆ. ಆ ವೇಳೆಗೆ 80 ದಿನಗಳ ಕೆಲಸ ಸುಲಭವಾಗಿ ಆಗಿರುತ್ತದೆ. ಆಕೆ ಜೂನ್ 25ರಿಂದ ರಜೆ ಆರಂಭಿಸಬಹುದು. ಹಾಗೆ ಮಾಡಿದರೆ 182 ದಿನಗಳು ಡಿಸೆಂಬರ್ 23ರಂದು ಮುಗಿಯುತ್ತವೆ, ಆಗ ಮಗುವಿಗೆ ನಾಲ್ಕು ತಿಂಗಳು. ಜುಲೈ ಕೊನೆಯವರೆಗೆ ಕೆಲಸ ಮಾಡುವಷ್ಟು ಆರೋಗ್ಯವಿದ್ದು ಆಮೇಲೆ ರಜೆ ಹಾಕಿದರೆ, ಉಳಿದ ವಾರಗಳು ಮಗುವಿನ ಪಾಲಿಗೆ ಬರುತ್ತವೆ. ಯಾವುದು ಮೇಲೆಂಬುದನ್ನು ವೈದ್ಯರೊಡನೆ ಆಲೋಚಿಸಿ ಆಕೆಯೇ ನಿಶ್ಚಯಿಸಬೇಕು. ರಕ್ತದೊತ್ತಡ, ಕಾಲುಬಾವು, ಅವಳಿ ಮಕ್ಕಳು ಇದ್ದಲ್ಲಿ ಮಗುವಿಗಾಗಿ ಉಳಿಸುವ ಲೆಕ್ಕಾಚಾರವು ತಾಯಿಗೆ ಅಪಾಯಕರವಾದೀತು. ಗರ್ಭ, ಹೆರಿಗೆ, ಅವಧಿಪೂರ್ವ ಜನನ ಇವುಗಳಿಂದ ಕಾಯಿಲೆಯಾದರೆ ಪ್ರಮಾಣಪತ್ರದ ಮೇಲೆ ಇನ್ನೂ ಒಂದು ತಿಂಗಳ ಸಂಬಳದ ರಜೆಗೆ ಅವಕಾಶವಿದೆಯೆಂಬುದನ್ನು ಇಂಥವರು ಮರೆಯಬಾರದು.

ರಜೆಯ ಸೂಚನೆಯನ್ನು ಬರವಣಿಗೆಯಲ್ಲಿಯೇ ಕೊಡಬೇಕು. ಬಾಯಿಮಾತಿನ ಒಪ್ಪಿಗೆ ಅಧಿಕಾರಿ ಬದಲಾದಾಗ ಆವಿಯಾಗುತ್ತದೆ. ಹೆರಿಗೆಗೆ ಮುಂಚಿನ ಅವಧಿಯ ಹಣವನ್ನು ಗರ್ಭದ ಪ್ರಮಾಣಪತ್ರ ಕೊಟ್ಟಾಗ ಮುಂಗಡವಾಗಿಯೂ, ಉಳಿದುದನ್ನು ಹೆರಿಗೆಯ ದಾಖಲೆ ಕೊಟ್ಟ 48 ಗಂಟೆಗಳೊಳಗೂ ಸಲ್ಲಿಸಬೇಕೆಂಬುದು ನಿಯಮ. ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವುದಾಗಲಿ, ಅವಳಿಗೆ ಹಾನಿಯಾಗುವಂತೆ ಸೇವೆಯ ಷರತ್ತುಗಳನ್ನು ಬದಲಿಸುವುದಾಗಲಿ ಕಾನೂನುಬಾಹಿರ. ಹಿಂದಿರುಗಿದ ಮೇಲೆ ಮಗುವಿಗೆ ಹದಿನೈದು ತಿಂಗಳಾಗುವವರೆಗೆ ದಿನಕ್ಕೆ ಎರಡು ಬಾರಿ ಹಾಲೂಡುವ ಬಿಡುವು ಉಂಟು. ಐವತ್ತು ಮತ್ತು ಹೆಚ್ಚು ನೌಕರರಿರುವಲ್ಲಿ ಶಿಶುವಿಹಾರದ ಸೌಕರ್ಯವಿರಬೇಕು. ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಬಹುದು. ನೌಕರರ ರಾಜ್ಯ ವಿಮೆ, ಅಂದರೆ ಇ.ಎಸ್.ಐ., ಉಳ್ಳವರಿಗೆ ಹಣ ವಿಮಾ ನಿಗಮದಿಂದಲೇ ಬರುತ್ತದೆ. ಕೇಂದ್ರ ಸರ್ಕಾರದ ಮಹಿಳೆಯರಿಗೆ ಬೇರೆಯೇ ನಿಯಮಗಳಿದ್ದು, 2008ರಿಂದ 180 ದಿನಗಳ ರಜೆ ಇದೆ. ಅಲ್ಲಿ ತಂದೆಯಾದವನಿಗೂ 15 ದಿನಗಳುಂಟು. ಖಾಸಗಿ ವಲಯದ ತಂದೆಗೆ ಕಾಯಿದೆ ಏನನ್ನೂ ಕೊಟ್ಟಿಲ್ಲ. ಕೊಟ್ಟರೆ ಬಾಣಂತನ ಮಾಡಬಲ್ಲ ಗಂಡಸರೆಷ್ಟು ಮಂದಿ ಎಂಬ ಕುಹಕ ಪ್ರಶ್ನೆಗೆ, ಊರಿನಿಂದ ದೂರವಾದ ಮನೆಗಳಲ್ಲಿ ಅನೇಕರು ಈಗಾಗಲೇ ಅದನ್ನು ಮಾಡುತ್ತಿದ್ದಾರೆಂಬುದೇ ಉತ್ತರ.

ಮಾತನಾಡದ ನಷ್ಟ

ಹೆರಿಗೆಯ ರಜೆಯನ್ನು ಕೇಳುವುದಕ್ಕೆ ಸಂಕೋಚವಿಲ್ಲ. ಪೇಡೆ ಹಂಚಿದ ಮೇಲೆ ಎಲ್ಲರಿಗೂ ಗೊತ್ತಾಗುತ್ತದೆ. ಗರ್ಭಪಾತವಾದವಳು ಮಾತ್ರ ಬಹುಮಟ್ಟಿಗೆ ಮೌನವಾಗಿಯೇ ಕೆಲಸಕ್ಕೆ ಹಿಂದಿರುಗುತ್ತಾಳೆ. ಗೊತ್ತಾದ ಗರ್ಭಗಳಲ್ಲಿ ನೂರಕ್ಕೆ ಹತ್ತರಿಂದ ಹದಿನೈದರಷ್ಟು ತಾವಾಗಿ ಜಾರಿಹೋಗುತ್ತವೆ. ಮೊದಲ ಮೂರು ತಿಂಗಳಲ್ಲಿ ಹೀಗಾಗುವುದಕ್ಕೆ ಬಹಳಷ್ಟು ಸಂದರ್ಭಗಳಲ್ಲಿ ಭ್ರೂಣದ ವರ್ಣತಂತುಗಳ ದೋಷವೇ ಕಾರಣ. ಮೆಟ್ಟಿಲು ಹತ್ತಿದ್ದು, ಪಪ್ಪಾಯಿ ತಿಂದದ್ದು, ಕಚೇರಿಗೆ ಹೋದದ್ದು ಎಂದು ಹುಡುಗಿಯ ಮೇಲೆ ತಪ್ಪು ಹೊರಿಸುವ ಹಿರಿಯರು ತಿಳಿಯದೆ ಕ್ರೌರ್ಯ ಮಾಡುತ್ತಾರೆ. ಅದಕ್ಕೆ ಹೆದರಿ ಆಕೆ ಯಾರಿಗೂ ಹೇಳದೆ, ಎರಡು ದಿನ 'ಹೊಟ್ಟೆನೋವು' ಎಂದು ಬರೆದುಕೊಟ್ಟು, ಮೂರನೆಯ ದಿನ ರೈಲು ಹತ್ತುತ್ತಾಳೆ.

ಇಂಥವಳಿಗೆ ಆರು ವಾರಗಳ ಸಂಬಳ ಸಹಿತ ರಜೆ ಇದೆ. 1961ರ ಕಾಯಿದೆಯಿಂದಲೂ ಇದೆ. ಹೊಸ ಸಂಹಿತೆಯಲ್ಲಿಯೂ ಇದೆ. ಗರ್ಭದ 26ನೆಯ ವಾರದವರೆಗೆ ಯಾವಾಗ ಹೀಗಾದರೂ ಅದನ್ನು ಗರ್ಭಪಾತವೆಂದೇ ಕಾಯಿದೆ ಎಣಿಸುತ್ತದೆ. ಕಾನೂನಿಗೆ ಅನುಸಾರವಾಗಿ ವೈದ್ಯರು ಮಾಡಿದ ಗರ್ಭಸಮಾಪ್ತಿಗೂ ಇದೇ ಆರು ವಾರಗಳು 1995ರ ತಿದ್ದುಪಡಿಯಿಂದ ದೊರೆಯುತ್ತವೆ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಎರಡು ವಾರ. ದಿನ ತುಂಬಿದ ಮೇಲೆ ಮಗು ಸತ್ತು ಹುಟ್ಟಿದರೆ ಅದು ಕಾಯಿದೆಯ ದೃಷ್ಟಿಯಲ್ಲಿ ಗರ್ಭಪಾತವಲ್ಲ, ಹೆರಿಗೆಯೇ. 'ಮಗು' ಎಂಬ ಶಬ್ದದಲ್ಲಿ ಸತ್ತು ಹುಟ್ಟಿದ ಮಗುವೂ ಸೇರುತ್ತದೆಂದು ಅದರ ವ್ಯಾಖ್ಯೆಯಲ್ಲಿಯೇ ಬರೆದಿದೆ. ಕೇಂದ್ರ ಸರ್ಕಾರದ ನೌಕರಳಿಗೆ ಗರ್ಭಪಾತಕ್ಕೆ ಇಡೀ ಸೇವಾವಧಿಯಲ್ಲಿ 45 ದಿನ. ಮಗು ಸತ್ತು ಹುಟ್ಟಿದಲ್ಲಿ ಅಥವಾ ಹುಟ್ಟಿದ ಕೂಡಲೇ ತೀರಿಕೊಂಡಲ್ಲಿ 60 ದಿನಗಳ ವಿಶೇಷ ರಜೆಯನ್ನು 2022ರಲ್ಲಿ ಗೊತ್ತುಮಾಡಲಾಯಿತು.

ಬೇಕಾದುದು ವೈದ್ಯರ ಪ್ರಮಾಣಪತ್ರ. ಆಸ್ಪತ್ರೆಯಿಂದ ಹೊರಡುವಾಗಲೇ ಅದನ್ನು ಕೇಳಿ ಪಡೆಯಬೇಕು. ಅದು ಆಡಳಿತ ವಿಭಾಗಕ್ಕೆ ತಲುಪಬೇಕಾದ ಕಾಗದವೇ ಹೊರತು, ಪಕ್ಕದ ಮೇಜಿನವರಿಗೆ ಕಾರಣ ಹೇಳಬೇಕಾದ ಅಗತ್ಯ ಯಾರಿಗೂ ಇಲ್ಲ. ಸ್ತ್ರೀಯ ಇಂಥ ವಿವರಗಳನ್ನು ಕೆದಕುವುದಕ್ಕೂ ಮಿತಿಯಿದೆ. ನೇಮಕದ ಅರ್ಜಿಯಲ್ಲಿ ಮುಟ್ಟಿನ ದಿನಗಳು, ಹಿಂದಿನ ಗರ್ಭಗಳ ಸಂಖ್ಯೆ ಮುಂತಾದವನ್ನು ಕೇಳುತ್ತಿದ್ದ ಜೀವ ವಿಮಾ ನಿಗಮದ ನಮೂನೆಯನ್ನು 1991ರಲ್ಲಿ ಸುಪ್ರೀಂ ಕೋರ್ಟು ತರಾಟೆಗೆ ತೆಗೆದುಕೊಂಡು, ಆ ಕಲಮುಗಳನ್ನು ತೆಗೆದುಹಾಕುವಂತೆ ಹೇಳಿತು.

ದೇಹದ ಮಟ್ಟಿಗೆ ಹೇಳುವುದಾದರೆ, ಗರ್ಭಪಾತದ ನಂತರ ಒಂದು ಗಂಟೆಯಲ್ಲಿ ಎರಡು ಬಟ್ಟೆಗಳು ತೊಯ್ಯುವಷ್ಟು ರಕ್ತಸ್ರಾವ, ಜ್ವರ, ದುರ್ವಾಸನೆಯ ಸ್ರಾವ, ಏರುತ್ತಿರುವ ಹೊಟ್ಟೆನೋವು ಇವುಗಳಲ್ಲಿ ಯಾವುದೊಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಎರಡೇ ವಾರಗಳಲ್ಲಿ ಮತ್ತೆ ಗರ್ಭ ನಿಲ್ಲುವ ಸಂಭವವಿರುವುದರಿಂದ ಆ ವಿಷಯವನ್ನೂ ವೈದ್ಯರೊಡನೆ ಮಾತನಾಡಿಕೊಳ್ಳುವುದು ಒಳ್ಳೆಯದು.

ಮೂರು ದಿನಗಳ ಪ್ರಶ್ನೆ

ಮುಟ್ಟಿನ ರಜೆಯ ಚರ್ಚೆಯನ್ನು ಕೇಳಿ ಹಳಬರಲ್ಲಿ ಕೆಲವರಿಗೆ ನಗು ಬರುತ್ತದೆ. ಮೂರು ದಿನ 'ಹೊರಗೆ ಕೂಡುವ' ಪದ್ಧತಿಯನ್ನು ಕಷ್ಟಪಟ್ಟು ಬಿಟ್ಟವರೇ ಈಗ ರಜೆ ಕೇಳುತ್ತಿದ್ದಾರಲ್ಲ ಎನ್ನುತ್ತಾರೆ. ಆದರೆ ಆ ಪದ್ಧತಿಯಲ್ಲಿ ವಿಶ್ರಾಂತಿಯೂ ಬಹಿಷ್ಕಾರವೂ ಒಂದೇ ಗಂಟಿನಲ್ಲಿ ಕಟ್ಟಲ್ಪಟ್ಟಿದ್ದವು. ಇಂದಿನ ಪ್ರಯತ್ನ ಆ ಗಂಟನ್ನು ಬಿಚ್ಚುವುದು. ಹೆಚ್ಚಿನ ಸ್ತ್ರೀಯರು ಆ ದಿನಗಳಲ್ಲಿ ಎಂದಿನಂತೆ ದುಡಿಯಬಲ್ಲರು. ಕೆಲವರಿಗೆ ವಾಂತಿ, ತಲೆಸುತ್ತುಗಳೊಡನೆ ಏಳಲಾರದ ನೋವಿರುತ್ತದೆ. ಗರ್ಭಕೋಶದ ಒಳಪದರದಂಥ ಅಂಗಾಂಶವು ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಎಂಬ ವ್ಯಾಧಿಯು ಹತ್ತರಲ್ಲಿ ಒಬ್ಬರಿಗೆ ಇರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅಂಥವರಿಗೆ ರಜೆಯೊಂದೇ ಪರಿಹಾರವಲ್ಲ, ಪರೀಕ್ಷೆ ಮತ್ತು ಚಿಕಿತ್ಸೆ ಬೇಕು.

ಬಿಹಾರ ಸರ್ಕಾರವು 1992ರಲ್ಲಿಯೇ ತನ್ನ ಮಹಿಳಾ ನೌಕರರಿಗೆ ತಿಂಗಳಿಗೆ ಎರಡು ದಿನಗಳ ವಿಶೇಷ ರಜೆಯನ್ನು ಕೊಟ್ಟಿತು. ಜಪಾನಿನ ಕಾರ್ಮಿಕ ಶಾಸನದಲ್ಲಿ 1947ರಿಂದಲೇ ಈ ರಜೆ ಇದೆ; ಆದರೆ ಅದಕ್ಕೆ ಸಂಬಳ ಕೊಡಲೇಬೇಕೆಂಬ ಕಟ್ಟು ಇಲ್ಲದ್ದರಿಂದ ಅದನ್ನು ಬಳಸುವವರು ಬಹು ವಿರಳ. ಕರ್ನಾಟಕದ ಸಚಿವ ಸಂಪುಟವು 2025ರ ಅಕ್ಟೋಬರ್‌ನಲ್ಲಿ ತಿಂಗಳಿಗೆ ಒಂದರಂತೆ ವರ್ಷಕ್ಕೆ 12 ದಿನಗಳ ಸಂಬಳ ಸಹಿತ ಮುಟ್ಟಿನ ರಜೆಯ ನೀತಿಯನ್ನು ಒಪ್ಪಿತು. ನವೆಂಬರ್‌ನಲ್ಲಿ ಆದೇಶ ಹೊರಟಿತು. ಸರ್ಕಾರಿ ಕಚೇರಿಗಳಿಗಷ್ಟೇ ನಿಲ್ಲದೆ ಖಾಸಗಿ ಉದ್ದಿಮೆಗಳನ್ನೂ ಒಳಗೊಂಡದ್ದು ಅದರ ವಿಶೇಷ. ಉದ್ಯಮಿಗಳ ಸಂಘವೊಂದು ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿತು. ಹೊರನಾಡಿನಲ್ಲಿ ದುಡಿಯುವ ಕನ್ನಡತಿಯರಿಗೆ ಆ ಆದೇಶ ಅನ್ವಯಿಸುವುದಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಅವರು ದುಡಿಯುವ ರಾಜ್ಯದ ನಿಯಮ ಅವರಿಗೆ.

ಹಣ ಯಾರದು?

ಇದೇ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, 2024ರ ಜುಲೈಯಲ್ಲಿ ನ್ಯಾಯಾಲಯವು ಅದನ್ನು ಸರ್ಕಾರದ ನೀತಿಗೆ ಬಿಟ್ಟಿತು. ರಜೆಯನ್ನು ಕಡ್ಡಾಯ ಮಾಡಿದರೆ ಮಾಲೀಕರು ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಹಿಂಜರಿದಾರು ಎಂಬ ಆತಂಕವನ್ನೂ ವ್ಯಕ್ತಪಡಿಸಿತು. ಆತಂಕ ಹುಸಿಯಲ್ಲ. ಸಂದರ್ಶನದಲ್ಲಿ 'ಮದುವೆ ಯಾವಾಗ, ಮಕ್ಕಳು ಯಾವಾಗ' ಎಂಬ ಪ್ರಶ್ನೆಗಳನ್ನು ಎದುರಿಸದ ತರುಣಿಯರು ಕಡಿಮೆ. ಆದರೆ ಹಿಂಜರಿಕೆಗೆ ಕಾರಣ ಸ್ತ್ರೀಯ ದೇಹವಲ್ಲ, ವೆಚ್ಚವನ್ನು ಹಂಚಿದ ರೀತಿ. ಇ.ಎಸ್.ಐ. ವ್ಯಾಪ್ತಿಯ ಹೊರಗಿರುವ ಸಂಸ್ಥೆಯಲ್ಲಿ 26 ವಾರಗಳ ಸಂಪೂರ್ಣ ಸಂಬಳವನ್ನು ಆ ಒಬ್ಬ ಮಾಲೀಕನೇ ತೆರಬೇಕು. ಹನ್ನೆರಡು ಜನರ ಸಣ್ಣ ಕಚೇರಿಗೆ ಇದು ನಿಜವಾದ ಭಾರ; ದೊಡ್ಡ ಬ್ಯಾಂಕಿಗೆ ಏನೂ ಅಲ್ಲ. ಇ.ಎಸ್.ಐ.ಯಲ್ಲಾದರೋ ಗಂಡಸರು ಹೆಂಗಸರೆನ್ನದೆ ಎಲ್ಲ ನೌಕರರ ಹೆಸರಿನಲ್ಲಿ ವಂತಿಗೆ ಸಲ್ಲುವುದರಿಂದ, ಗರ್ಭಿಣಿಯನ್ನು ನೇಮಿಸಿಕೊಂಡ ಮಾಲೀಕನಿಗೆ ಹೆಚ್ಚಿನ ದಂಡವಿಲ್ಲ. ಆದರೆ ಅದರ ಸಂಬಳದ ಮಿತಿ 2017ರಲ್ಲಿ ಗೊತ್ತುಮಾಡಿದ ತಿಂಗಳಿಗೆ 21,000 ರೂಪಾಯಿ. ಅದಕ್ಕೆ ಮೇಲ್ಪಟ್ಟವರು ಹೊರಗುಳಿಯುತ್ತಾರೆ. ಈ ವೆಚ್ಚವನ್ನು ಒಬ್ಬೊಬ್ಬ ಮಾಲೀಕನ ಮೇಲೆ ನೇರವಾಗಿ ಹೊರಿಸದೆ ವಿಮೆ ಅಥವಾ ಸಾರ್ವಜನಿಕ ನಿಧಿಯಿಂದ ಭರಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ದ ಒಡಂಬಡಿಕೆ ಹೇಳುತ್ತದೆ. ಭಾರತ ಅದಕ್ಕೆ ಸಹಿ ಹಾಕಿಲ್ಲ. 1928ರಲ್ಲಿ ಮುಂಬಯಿಯ ಪರಿಷತ್ತಿನಲ್ಲಿ ಎದ್ದ ಪ್ರಶ್ನೆ ಹೀಗೆ ಇನ್ನೂ ಬಗೆಹರಿಯದೆ ಉಳಿದಿದೆ.

ಹಾಗೆಂದು ಹಕ್ಕನ್ನು ಕೇಳದೆ ಬಿಟ್ಟರೆ ನೌಕರಿ ಉಳಿಯುತ್ತದೆಂಬ ನಂಬಿಕೆಗೂ ಆಧಾರವಿಲ್ಲ. ಏರ್ ಇಂಡಿಯಾದ ಗಗನಸಖಿಯರು ಮೊದಲ ಗರ್ಭದೊಡನೆಯೇ ಕೆಲಸ ಬಿಡಬೇಕೆಂಬ ನಿಯಮವಿದ್ದ ಕಾಲವೊಂದಿತ್ತು. ಅದನ್ನು ಪ್ರಶ್ನಿಸಿದವರಿದ್ದುದರಿಂದಲೇ 1981ರಲ್ಲಿ ಸುಪ್ರೀಂ ಕೋರ್ಟು ಆ ನಿಯಮವನ್ನು ರದ್ದುಪಡಿಸಿತು.

ಇಷ್ಟೆಲ್ಲ ಹೇಳಿದ ಮೇಲೂ, ಈ ಸಂಚಿಕೆಯನ್ನು ಓದುವ ಮನೆಗಳಿಗೆ ಪ್ರತಿದಿನ ಬೆಳಿಗ್ಗೆ ಬಂದು ಪಾತ್ರೆ ತೊಳೆದು, ನೆಲ ಒರೆಸಿ ಹೋಗುವ ಹೆಂಗಸು ಈ ಕಾಯಿದೆಯ 26 ವಾರಗಳಿಗೆ ಹೊರಗೇ ಉಳಿಯುತ್ತಾಳೆ. ಹತ್ತು ನೌಕರರಿಲ್ಲದ ಮನೆ ಅಂಗಡಿಯೂ ಅಲ್ಲ, ಕಾರ್ಖಾನೆಯೂ ಅಲ್ಲ. ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ಅವಳಿಗೆ 5,000 ರೂಪಾಯಿ ಕಂತುಗಳಲ್ಲಿ ದೊರೆಯಬಹುದು. ಎರಡನೆಯದು ಹೆಣ್ಣಾದರೆ 6,000. ಅದಕ್ಕೆ ಅಂಗನವಾಡಿಯಲ್ಲಿ ಹೆಸರು ನೋಂದಾಯಿಸಬೇಕು, ಆಧಾರ್ ಮತ್ತು ಬ್ಯಾಂಕಿನ ಖಾತೆ ಹೊಂದಿಕೆಯಾಗಬೇಕು. ವಲಸೆ ಬಂದವಳಿಗೆ ಇದು ತೊಡಕಿನ ಕೆಲಸ. ಅಕ್ಷರ ಬಲ್ಲ ಮನೆಯೊಡತಿಗೆ ಅರ್ಧ ದಿನದ ಕೆಲಸ. ಅವಳ ಗರ್ಭಕೋಶವೂ ಆರು ವಾರಗಳಲ್ಲಿಯೇ ಕುಗ್ಗುತ್ತದೆ. ಮೂರು ನಾಲ್ಕು ಮನೆಗಳವರು ಕೂಡಿ ಆ ಆರು ವಾರಗಳ ಸಂಬಳವನ್ನು ಕೊಟ್ಟು, ಅವಳ ಜಾಗವನ್ನು ಬೇರೆಯವರಿಗೆ ಖಾಯಂ ಮಾಡದೆ ಕಾದಿರಿಸುವುದಕ್ಕೆ ಯಾವ ಶಾಸನವೂ ಅಡ್ಡಿ ಬರುವುದಿಲ್ಲ.